ಕೈಯ ನೆರಳು

ನೀರಿನ ತಿಳಿ ಅಳೆಯಲು ಇಳಿಬಿಟ್ಟ ಹಗ್ಗದ ತುದಿಯ ಬಿಳಿ ತಟ್ಟೆ ಕೆರೆಯ ತಳ ಮುಟ್ಟಿದರೂ ನಿಚ್ಚಳವಾಗಿ ಕಾಣುತ್ತಲೇ ಇತ್ತು. ಹಿಂದೆಲ್ಲ ಒಂದೆರಡು ಮೊಳ ಇಳಿಯುವಷ್ಟರಲ್ಲೇ ಹಸಿರು ನೀರಲ್ಲಿ ಮರೆಯಾಗುತ್ತಿದ್ದ ತಟ್ಟೆ ಅದು. ನೀರು ಪರೀಕ್ಷೆ ಮಾಡುವ ಮಗಳನ್ನು ತನ್ನ ದೋಣಿಯಲ್ಲೇ ಕರೆತಂದಿದ್ದ ಮೀನುಗಾರ ಬೀಗಿದ. "ನೋಡು, ನನ್ನ ಕೆರೆ ಹೇಗೆ ಕನ್ನಡಿ ಆಗಿದೆ!"

"ಇಷ್ಟು ತಿಳಿ ಇರಬಾರದಪ್ಪಾ. ಮೀನುಮರಿ ತಿನ್ನೋ ಹಸಿರು ಪಾಚಿಯನ್ನೆಲ್ಲಾ ಯಾರೋ ಬಳಿದು ತಿಂದಿದ್ದಾರೆ," ಎಂದಳು ಮಗಳು. ಮೀಟರಿನ ತಂತಿ ಕೆಳಗಿಳಿದಂತೆ ಆಮ್ಲಜನಕದ ಅಂಕಿಯೂ ಇಳಿಯುತ್ತಿತ್ತು. "ತಳದಲ್ಲಿ ಉಸಿರೇ ಸಾಲ್ತಿಲ್ಲ."

"ತಳದಲ್ಲಿ ಉಸಿರಾಡೋಕೆ ಏನಿದೆ? ಬರೀ ಕರಿಬಂಡೆ." ತೋರಿಸಲು ಅವನು ದೋಣಿಯಂಚಿನಾಚೆ ಬಾಗಿದ. ಅವನ ನೆರಳು ಬಿದ್ದಷ್ಟು ಜಾಗದಲ್ಲಿ ಬಂಡೆ ಬಾಯಿ ಮುಚ್ಚಿಕೊಂಡಿತು. ನಂಬಲಾಗದೆ ಕೈಚಾಚಿ ಆಡಿಸಿದ. ಕೈಯ ನೆರಳು ಹರಿದಲ್ಲೆಲ್ಲ ಸಾವಿರಾರು ಪುಟ್ಟ ಬಾಯಿಗಳು ಸದ್ದಿಲ್ಲದೆ ಮುಚ್ಚುತ್ತಾ ಹೋದವು.

"ಬಂಡೆ ತುಂಬಾ ಕಪ್ಪೆಚಿಪ್ಪು, ನೆರಳು ಬಿದ್ರೆ ಬಾಯಿ ಮುಚ್ತಾವೆ," ಎಂದ ಮಗಳ ದನಿ ಇಳಿದಿತ್ತು. "ತಿನ್ನೋದೂ ಅವೇ, ಉಸಿರೆಳೆಯೋದೂ ಅವೇ. ಈ ಜಾತಿ ನಮ್ಮ ಕೆರೆಯದ್ದಲ್ಲ. ಮರಿ ಕಣ್ಣಿಗೇ ಕಾಣಲ್ಲ, ಬೇರೆ ಕೆರೆ ನೀರಿನ ಜೊತೆ ಬಂದುಬಿಡುತ್ತೆ. ಯಾವನು ತಂದು ಸುರಿದನೋ, ಅವನ ಕೈ ಸೇದಿಹೋಗ!"

ಅಪ್ಪನ ಕಣ್ಣು ಕಾಲಡಿಯ ಹಲಗೆಗಳ ಮೇಲೆ ಬಿತ್ತು. ಕೂತಿದ್ದ ಈ ದೋಣಿಯನ್ನು ಅವನು ಕೆಲ ವರ್ಷಗಳ ಹಿಂದೆ ದೂರದ ಕೆರೆಯವರಿಂದ ಕೊಂಡಿದ್ದ. ಒಣಗಿದರೆ ಹಲಗೆ ಬಿರಿಯುತ್ತದೆಂದು ಆ ಕೆರೆಯ ನೀರನ್ನೇ ದೋಣಿಗೆ ತುಂಬಿ, ಲಾರಿಯಲ್ಲಿ ಹಸುಗೂಸಿನಂತೆ ಜೋಪಾನವಾಗಿ ತಂದು, ಆ ನೀರನ್ನು ಈ ಕೆರೆಗೇ ಬಗ್ಗಿಸಿದ್ದ.

ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಕೆಳಗೆ ಬಂಡೆ ಮತ್ತೆ ಬಾಯಿ ತೆರೆಯಿತು.