ವಿಭೂತಿ ಇಟ್ಟ ಪಾಯಿಂಟು

ನೆಲಮಾಳಿಗೆಯ ಗೋಡೆಗೆ ಸೀಮೆಸುಣ್ಣ ಹಿಡಿದು ವೈರಿಂಗ್ ಶ್ರೀರಂಗಯ್ಯ ಕೇಳಿದ, "ಪಾಯಿಂಟು ಎಲ್ಲೆಲ್ಲಿ ಬರಬೇಕು ಹೇಳ್ರಮ್ಮ, ಗುರುತು ಹಾಕ್ಬುಡ್ತೀನಿ. ನಾಳೆ ಬಂದು ಬಿಳಿ ಗುರುತು ಇರೋ ಕಡೆ ಉಳಿ ಇಡೋದೇ."

ಗಿರಿಜಾಂಬಿಕಾ ಈ ಗಳಿಗೆಗೇ ಕಾದಿದ್ದಳು. ರಾಗಿ ಮೂಟೆ, ಮುರಿದ ನೊಗ ತುಂಬಿದ್ದ ನೆಲಮಾಳಿಗೆಯನ್ನು ಖಾಲಿ ಮಾಡಿಸಿ, ಸಿಮೆಂಟು ಗಿಲಾವು ಹಾಕಿಸಿ, ಬಿಳಿಗೆರೆಯ ಹೆಣ್ಣುಮಕ್ಕಳಿಗೆ ಅಲ್ಲಿ ಹೊಲಿಗೆ ಕಲಿಸಬೇಕೆಂಬುದು ಅವಳ ಆಸೆ. ಮಾವ ಬಸವರಾಜಪ್ಪನವರು ಜಾಗಕ್ಕೇನೋ ಹೂಂ ಅಂದಿದ್ದರು. ಆದರೆ ಕಿಟಕಿಯೇ ಇಲ್ಲದ ಕೋಣೆಯಲ್ಲಿ ಬೆಳಕಿಲ್ಲದೆ ಸೂಜಿಗೆ ದಾರ ಪೋಣಿಸುವುದು ಹೇಗೆ? ಅವಳು ಓಡಾಡಿ ತೋರಿಸಿದಳು. "ಇಲ್ಲೊಂದು ಮಿಷನ್ನು, ಅದರ ಎಡಕ್ಕೆ ಲೈಟು. ಅಲ್ಲೊಂದು ಮಿಷನ್ನು, ಅಲ್ಲೂ ಎಡಕ್ಕೆ ಲೈಟು. ಈ ಮೂಲೇಲಿ ಇಸ್ತ್ರಿ ಪೆಟ್ಟಿಗೆಗೆ ಪ್ಲಗ್ಗು."

ಮೆಟ್ಟಿಲ ಸಂದಿಯಿಂದ ಕೆಮ್ಮು ಕೇಳಿಸಿತು. ಊಟವಾದ ಮೇಲೆ ಅಲ್ಲಿನ ತಂಪಿನಲ್ಲಿ ಚಾಪೆ ಹಾಸಿ, ಸೆಲ್ಲು ಸೋತ ರೇಡಿಯೊಗೆ ಒಂದೆರಡು ಗುದ್ದು ಕೊಟ್ಟು ಮಲಗುವುದು ಮಾವನ ಅಭ್ಯಾಸ. "ಸಾಕು ಬುಡಪ್ಪ. ಬಾಗಿಲ ತಾವ ಒಂದು ಬಲ್ಬು ಹಾಕು. ದುಡ್ಡೇನು ಮರದಲ್ಲಿ ಬಿಡ್ತದಾ?"

ತೆಂಗು ಬೆಳೆಯುವವರ ದುಡ್ಡು ಮರದಲ್ಲಿ ಬಿಡದೆ ಇನ್ನೆಲ್ಲಿ ಬಿಡುತ್ತದೆ? ಆದರೆ ಅದನ್ನು ಯಜಮಾನರ ಎದುರು ಆಡುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಶ್ರೀರಂಗಯ್ಯ ಬಾಗಿಲ ಪಕ್ಕ ಒಂದೇ ಒಂದು ಗೀಟು ಎಳೆದು ಹೊರಟ. ಗಿರಿಜಾಳ ಮುಖ ಬಾಡಿಹೋಯಿತು. ಒಂದು ಪಕ್ಕದಲ್ಲಿ ಕೂತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ಅತ್ತೆ ಶಿವರುದ್ರಮ್ಮ ತಲೆ ಕೂಡ ಎತ್ತಲಿಲ್ಲ.

ಮಾರನೆಯ ದಿನ ಸೋಮವಾರ. ಯಾವ ಹೊಸ ಕೆಲಸಕ್ಕೇ ಆಗಲಿ, ಮೊದಲು ವಿಭೂತಿ ಇಟ್ಟು ಆಮೇಲೆ ಕೈ ಹಚ್ಚುವುದು ಆ ಮನೆಯ ಪದ್ಧತಿ. ಶ್ರೀರಂಗಯ್ಯ ಬಂದು ನೋಡಿದರೆ ಬೂದು ಗೋಡೆಯ ಮೇಲೆ ಅಲ್ಲಲ್ಲಿ ಮೂರು ಮೂರು ಬಿಳಿ ಪಟ್ಟೆ. ಬಿಳಿ ಗುರುತು ಕಂಡಲ್ಲಿ ಉಳಿ ಇಡುವವನು ಅವನು, ಇಟ್ಟೇಬಿಟ್ಟ. ಸದ್ದು ಕೇಳಿ ಬಸವರಾಜಪ್ಪನವರು ಇಳಿದು ಬರುವ ಹೊತ್ತಿಗೆ ಒಂದು ತೂತು ಬಿದ್ದಾಗಿತ್ತು.

"ಇದೇನೇ ಇದು? ಶಿವ ಇಷ್ಟೊಂದು ಕಡೆ ಇರ್ತಾನೇನೇ?"

"ಶಿವ ಇಲ್ಲದ ಜಾಗ ಯಾವ್ದೈತೆ ಹೇಳ್ರೀ," ಶಿವರುದ್ರಮ್ಮ ತಣ್ಣಗೆ ಅಂದರು. "ಬ್ಯಾಡಾದ್ರೆ ಒರೆಸ್ಬುಡಿ. ನಾನೇನೂ ಅನ್ನಲ್ಲ."

ಬಸವರಾಜಪ್ಪನವರು ಹೆಗಲ ಮೇಲಿನ ಟವಲ್ಲು ಕೈಗೆ ತೆಗೆದುಕೊಂಡು ಗೋಡೆಯವರೆಗೂ ಹೋದರು. ಅವರ ಹಣೆಯ ಮೇಲೂ ಅದೇ ಮೂರು ಪಟ್ಟೆ ಇತ್ತು. ಟವಲ್ಲಿನಿಂದ ತಮ್ಮ ಕತ್ತು ಒರೆಸಿಕೊಂಡು ಮೆಟ್ಟಿಲು ಹತ್ತಿದರು.

ಆಮೇಲೇ ಗಿರಿಜಾ ಸರಿಯಾಗಿ ನೋಡಿದ್ದು. ಒಂದು ಮಿಷನ್ನಿನ ಎಡಕ್ಕೆ, ಇನ್ನೊಂದು ಮಿಷನ್ನಿನ ಎಡಕ್ಕೆ, ಇಸ್ತ್ರಿ ಮೂಲೆಯಲ್ಲಿ, ನಿನ್ನೆ ಅವಳು ಕೈ ತೋರಿಸಿದ ಕಡೆಯೇ ವಿಭೂತಿ ಬಿದ್ದಿತ್ತು. ಸಂತೋಷ ತಡೆಯಲಾರದೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಬುಡೇ, ಸೀರೆಗೆಲ್ಲ ವಿಭೂತಿ ಆಯ್ತದೆ," ಎನ್ನುತ್ತಾ ಶಿವರುದ್ರಮ್ಮ ನಕ್ಕರು.

ಮಧ್ಯಾಹ್ನ ಊಟ ಮುಗಿಸಿ ಬಂದ ಶ್ರೀರಂಗಯ್ಯ ಮೆಟ್ಟಿಲ ಸಂದಿಯಲ್ಲಿ ತಡೆದು ನಿಂತ. ಬೆಳಗ್ಗೆ ಇಲ್ಲದ ಇನ್ನೊಂದು ಗುರುತು ಅಲ್ಲಿ, ಚಾಪೆಯ ತಲೆದೆಸೆಗೆ, ರೇಡಿಯೊ ಪಕ್ಕದಲ್ಲೇ ಮೂಡಿತ್ತು. ದಪ್ಪ ಬೆರಳಿನ ಮೂರು ಸೊಟ್ಟ ಪಟ್ಟೆ, ಇನ್ನೂ ಹಸಿಹಸಿ.

ಚಾಪೆಯ ಮೇಲಿದ್ದ ಬಸವರಾಜಪ್ಪನವರು ಗೋಡೆಯ ಕಡೆಗೆ ಮಗ್ಗುಲಾದರು.

"ನನ್ನ ಮುಖ ಏನು ನೋಡ್ತೀಯ? ಶಿವ ಇಲ್ಲದ ಜಾಗ ಇಲ್ವಂತೆ ಕಣಪ್ಪ. ಇಲ್ಲೂ ಒಂದು ಪ್ಲಗ್ಗು ಹಾಕು."