ಹಸಿ ಕಸ, ಒಣ ಕಸ

ಓಣಿಯ ತಿರುವಿನಲ್ಲಿ ಕಸದ ಗಾಡಿಯ ಮೈಕು ಕೇಳಿಸಿದ್ದೇ ತಡ, ದಾಕ್ಷಾಯಣಮ್ಮ ಮಂಡಕ್ಕಿ ಒಗ್ಗರಣೆಯ ಬಾಣಲೆಯನ್ನು ಕೆಳಗಿಳಿಸಿ, ಮೂರು ಬಕೆಟ್ ಹಿಡಿದು ಬಾಗಿಲಿಗೆ ಓಡಿದಳು. ಕೊಟ್ಟೂರಿನ ಉಳಿದ ಮನೆಯವರು ಎರಡು ಬಕೆಟ್ ತಂದರೆ ಹೆಚ್ಚು. ಈಕೆಯದು ಮಾತ್ರ ಉಳ್ಳಾಗಡ್ಡಿ ಸಿಪ್ಪೆಗೊಂದು, ಪೂಜೆಯ ಬಾಡಿದ ಹೂವಿಗೊಂದು, ಹರಿದ ಕಾಗದಕ್ಕೊಂದು. ಒಂದೊಂದನ್ನೇ ನಿಧಾನಕ್ಕೆ ಕೊಟ್ಟರೆ ಅಷ್ಟು ಹೊತ್ತು ಗಾಡಿ ಮನೆ ಮುಂದೆ ನಿಲ್ಲುತ್ತದಲ್ಲ! ಕಸ ಸಾಲದ ದಿನ ಹಿತ್ತಲಿನ ಎಲೆ ಆರಿಸಿ ತುಂಬಿದ್ದೂ ಉಂಟು. ಗಂಡ ಏಕಾಂತಪ್ಪ ಅಂಗಡಿಗೆ ಹೊರಡುವಾಗ ಅದನ್ನು ಕಂಡು, ನಕ್ಕು ಹೋಗುತ್ತಿದ್ದ.

"ತಾಯಂದಿರೇ, ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ..." ಎಂದು ಮೈಕಿನಲ್ಲಿ ಹೇಳುತ್ತಿದ್ದದ್ದು ಅವಳ ಮಗಳು ಅರ್ಚನಾಳ ದನಿ. ಕಾಲೇಜಿನ ಸಮಾರಂಭಗಳಲ್ಲಿ ನಿರೂಪಣೆ ಮಾಡಿ ಹೆಸರಾಗಿದ್ದ ಹುಡುಗಿಯನ್ನು ಪಟ್ಟಣ ಪಂಚಾಯಿತಿಯವರು ಕೇಳಿಕೊಂಡು, ಅವಳ ದನಿಯಲ್ಲಿ ಇದನ್ನು ರೆಕಾರ್ಡ್ ಮಾಡಿಸಿಕೊಂಡಿದ್ದರು. ಅದಾಗಿ ವಾರಕ್ಕೇ ಆಕೆ ಲಂಡನ್ನಿಗೆ ಹಾರಿದಳು. ಓದುವುದು ಜಾಗತಿಕ ಮಾಧ್ಯಮ ಮತ್ತು ಸಂವಹನ. ಎರಡು ದೇಶಗಳ ಎಂ.ಎ., ಮೊದಲ ವರ್ಷ ಲಂಡನ್, ಎರಡನೆಯ ವರ್ಷ ಶಾಂಘೈ. ಲಂಡನ್ನಿನ ಮಗಳು ಭಾನುವಾರ ಐದು ನಿಮಿಷ ಮಾತಾಡಿ, "ಕ್ಲಾಸಿನ ಕೆಲ್ಸ ಐತವ್ವ" ಎಂದು ಫೋನಿಡುತ್ತಿದ್ದಳು. ಮೈಕಿನ ಮಗಳು ದಿನಾ ಬಂದಳು, ಒಂದು ದಿನವೂ ಅವಸರ ಮಾಡಲಿಲ್ಲ.

ಮೊದಲ ವರ್ಷ ಮುಗಿಸಿ ಮಗಳು ಈಗ ಊರಿಗೆ ಬಂದಿದ್ದಾಳೆ. ಬಂದು ನಾಲ್ಕು ದಿನ, ನಾಳೆ ಶಾಂಘೈಗೆ ಹೊರಡಬೇಕು. ನಾಲ್ಕೂ ದಿನ ಕಿವಿಗೆ ಇಯರ್‌ಫೋನ್, ತೊಡೆಯ ಮೇಲೆ ಲ್ಯಾಪ್‌ಟಾಪ್. ಯಾವ ಯಾವುದೋ ದೇಶದ ಸಹಪಾಠಿಗಳ ಜೊತೆ ಸೇರಿ ಮಾಡುವ ಪ್ರಾಜೆಕ್ಟಂತೆ. ದಾಕ್ಷಾಯಣಮ್ಮನಿಗೆ ಬೇಕಿದ್ದದ್ದು ಮಗಳು ಮಗ್ಗುಲಲ್ಲಿ ಕೂತು ಆಡುವ ಒಂದು ತಾಸಿನ ಮಾತು, ಅಷ್ಟೇ. ಅದಕ್ಕಾಗಿ ವರ್ಷವಿಡೀ ಹಂಬಲಿಸಿದ್ದಳು. ನಿನ್ನೆ ಸಂಜೆ ಮಗಳು ತಾನಾಗಿ ಆಡಿದ್ದು ಇಷ್ಟು: "ಶಾಂಘೈದಾಗ ವಾಟ್ಸಾಪ್ ನಡ್ಯಂಗಿಲ್ಲವ್ವ. ಬ್ಯಾರೆ ಆ್ಯಪ್ ಹಾಕಿಕೊಡ್ತೀನಿ, ಕಲ್ತ್ಕೊ." ಆಮೇಲೆ ಹಾಕಿಕೊಡುವುದನ್ನೂ ಮರೆತಳು.

"ಏನ್ರಿ ಅಮ್ಮಾರ," ಗಾಡಿಯ ಮಾರೇಶ್ ಮೊದಲ ಬಕೆಟ್ ಇಸಿದುಕೊಂಡು ನಕ್ಕ. "ಮಗಳು ಮನ್ಯಾಗ ಅದಾಳ, ಆದ್ರೂ ಬಕೀಟು ಮೂರೇ ಅದಾವಲ್ರಿ?"

"ಮನ್ಯಾಗ ಎಲ್ಲಿ ಅದಾಳಪ್ಪ, ಲ್ಯಾಪ್‌ಟಾಪ್‌ನಾಗ ಅದಾಳ."

ಅಷ್ಟರಲ್ಲಿ ಅರ್ಚನಾಳೇ ಹೊರಗೆ ಬಂದಳು. ಇಯರ್‌ಫೋನಿನ ಚಾರ್ಜು ಮುಗಿದು, ನಾಲ್ಕು ದಿನದಲ್ಲಿ ಮೊದಲ ಸಲ ಬೀದಿಯ ಸದ್ದು ಅವಳ ಕಿವಿಗೆ ಬಿದ್ದಿತ್ತು. "ಅಯ್ಯ, ನನ್ನ ದನಿ! ಇನ್ನೂ ಇದನ್ನೇ ಹಾಕ್ತೀರೇನು ಮಾರೇಶಣ್ಣ?"

"ಹೂಂನವ್ವ. ನಿಮ್ಮವ್ವಾರು ಒಂದಿನ ತಪ್ಪಿಸಿಲ್ಲ. ಗಾಡಿ ಕೆಟ್ಟು ನಿಂತಾಗ ಮೂರು ಓಣಿ ಹುಡುಕ್ಕೊಂಡು ಬಂದಿದ್ರು, ಇದನ್ನ ಕೇಳಾಕ."

ಅರ್ಚನಾಳ ಕಣ್ಣು ಅರಳಿತು. "ಅವ್ವಾ, ಅಲ್ಲೇ ನಿಲ್ಲು! ನಮ್ಮ ಪ್ರಾಜೆಕ್ಟಿಗೆ ಇಂಥದ್ದೇ ಬೇಕಾಗಿತ್ತು." ಫೋನು ಎತ್ತಿ ಹಿಡಿದಳು. "ಈಗ ಹೇಳು. ನನ್ನ ದನಿ ಕೇಳಿದ್ರ ನಿನಗ ಏನ್ ಅನಸ್ತೈತಿ?"

ದಾಕ್ಷಾಯಣಮ್ಮ ಮಗಳ ಕಡೆ ತಿರುಗಿದಳು. ಯಾರೂ ಕೇಳದಿದ್ದದ್ದನ್ನು ಕೇಳಬೇಕಾದವಳೇ ಕೇಳಿದ್ದಳು. ಆದರೆ ಮಗಳು ನೋಡುತ್ತಿದ್ದದ್ದು ಫೋನನ್ನು. "ನೀ ಇಲ್ಲದ ಮನಿ..." ಎಂದು ತಾಯಿ ಶುರು ಮಾಡಿದಳು. ಉಳಿದದ್ದು ಮೈಕಿನ ಗದ್ದಲದಲ್ಲಿ ಮುಚ್ಚಿಹೋಯಿತು.

"ಛೇ, ಒಂದೂ ರೆಕಾರ್ಡ್ ಆಗವಲ್ದು." ಅರ್ಚನಾ ಫೋನಿನಿಂದ ಕಣ್ಣು ಕೀಳದೆಯೇ ಕೈ ಬೀಸಿದಳು. "ಮಾರೇಶಣ್ಣ, ಆ ಮೈಕ್ ಒಂದೀಟು ಬಂದ್ ಮಾಡ್ರಿ."

ಮಾರೇಶ್ ಸ್ವಿಚ್ಚಿಗೆ ಕೈ ಹಾಕಿದ. ದಾಕ್ಷಾಯಣಮ್ಮ ಎರಡನೆಯ ಬಕೆಟ್ಟನ್ನು ಅಲ್ಲೇ ಇಟ್ಟು ಅವನನ್ನು ತಡೆದಳು.

"ಬಂದ್ ಮಾಡಬ್ಯಾಡಪ್ಪ. ನನ್ನ ಮಗಳು ಮಾತಾಡಾಕತ್ತಾಳ."