ಆರಂಭಿಕ ಶಿಲ್ಕು

ಶಶಿಕಾಂತ್ ಭಾನುವಾರದ ವಿಷಯ ಏಕೆ ಕೇಳಿದ? "ಭಾನುವಾರ ಈ ಕಡೆ ಬಂದಿದ್ರೇನ್ರಿ?" ಎಂದು, ಹೊತ್ತು ಹೋಗದವನಂತೆ. ರಜೆಯ ದಿನ ಫ್ಯಾಕ್ಟರಿಗೆ ಯಾರು ಬಂದಿದ್ದರೆಂಬ ಚಿಂತೆ ಯಾರಿಗಿರುತ್ತದೆ? ತಾನು ಬಂದದ್ದನ್ನು ಬೇರೆ ಯಾರಾದರೂ ಕಂಡಿರಬಹುದೆಂದು ಅಂಜುವವನಿಗೆ. ಮಧ್ವೇಶ ಕಂಪ್ಯೂಟರ್ ನೋಡುವಂತೆ ನಟಿಸುತ್ತ, ಗಾಜಿನಾಚೆ ಸ್ಟೋರಿನಲ್ಲಿ ನಿಂತವನ ಬೆನ್ನನ್ನು ನೋಡಿದ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಲ್ಲಿ ಹಿತ್ತಾಳೆಯ ವಾಲ್ವ್‌ಗಳು ತಯಾರಾಗುತ್ತಿದ್ದವು. ಬಹುಕಾಲದಿಂದ ನಡೆದುಬಂದ ಹಳೆಯ ಸಾಫ್ಟ್‌ವೇರ್ ಮುಚ್ಚಿ, ಸೋಮವಾರ ಹೊಸದು ಶುರುವಾಗಬೇಕಿತ್ತು. ಗಿರಾಕಿಗಳು, ಬಿಡಿಭಾಗಗಳು, ಸರಕು, ಎಲ್ಲದರ ಮಾಹಿತಿಯನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಹೊಣೆ ಮಧ್ವೇಶನದು. ಸಾಗಿಸುವ ಮೊದಲು ಸ್ಟೋರಿನಲ್ಲಿದ್ದುದನ್ನೆಲ್ಲ ತೂಗಿ ನೋಡಿದರು. ಕಂಪ್ಯೂಟರಿನಲ್ಲಿದ್ದಷ್ಟು ಹಿತ್ತಾಳೆ ಸರಳು ರ‍್ಯಾಕಿನಲ್ಲಿ ಇರಲಿಲ್ಲ. ಕೊರತೆ ಸಣ್ಣದೂ ಅಲ್ಲ. ಒಂದು ಟೆಂಪೊ ತುಂಬುವಷ್ಟು.

ಪ್ಲಾಂಟ್ ಮ್ಯಾನೇಜರ್ ವಿಶಾಲ್ ಅವನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದ್ದರು. ಮಾತು ಹಿಂದಿಯಲ್ಲಿ, ದನಿ ಮೆಲ್ಲಗೆ. "ಸ್ಟಾಕಿನ ಎಂಟ್ರಿ ಮಾಡುವವರು ನೀವಿಬ್ಬರೇ. ಮೇಲೆ ನನ್ನ ಅಪ್ರೂವಲ್, ಅದು ನಾಮ್‌ಕೇ ವಾಸ್ತೆ. ವಾಶಿಯ ಆಫೀಸಿನಲ್ಲಿ ಕೂತ ಮಾಲೀಕರು ಶನಿವಾರದೊಳಗೆ ಒಂದು ಹೆಸರು ಕೇಳುತ್ತಿದ್ದಾರೆ. ಇಲ್ಲದಿದ್ದರೆ ಇಬ್ಬರನ್ನೂ ತೆಗೆಯುತ್ತಾರೆ. ನಿನ್ನ ಮೇಲೆ ನನಗೆ ಭರವಸೆಯಿದೆ. ಅವನ ಮೇಲೆ ಕಣ್ಣಿಡು. ಯಾರಿಗೂ ಹೇಳಬೇಡ."

ಅವನು ಎಂದರೆ ಸ್ಟೋರ್ಸ್ ನೋಡಿಕೊಳ್ಳುವ ಶಶಿಕಾಂತ್. ವಿಜಯಪುರದ ಕಡೆಯವನು, ವಿಠ್ಠಲವಾಡಿಯಲ್ಲಿ ಮನೆ. ಕನ್ನಡದವರೆಂಬ ಒಂದೇ ಕಾರಣಕ್ಕೆ ಅವನೂ ಕರಾವಳಿಯ ಮಧ್ವೇಶನೂ ಒಂದೇ ಮೇಜಿಗೆ ಡಬ್ಬಿ ಬಿಚ್ಚುತ್ತಿದ್ದರು.

ಮಧ್ವೇಶ ಹಿಂದೊಮ್ಮೆ ಕೆಲಸ ಕಳೆದುಕೊಂಡಿದ್ದ. ಆಗ ಠಾಣೆ ನಗರದಲ್ಲಿ ಭಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತದ್ದು, ಭಾವ ಗಿರಾಕಿಗಳೆದುರು "ಇವರು ನಮ್ಮ ಇಂಜಿನಿಯರು" ಎಂದು ನಗುತ್ತಿದ್ದುದು, ಯಾವುದೂ ಮರೆತಿರಲಿಲ್ಲ. ಇನ್ನೊಮ್ಮೆ ಅಲ್ಲಿ ಕೂರಲು ಅವನಿಂದಾಗದು.

ಕಣ್ಣಿಟ್ಟ ಮೇಲೆ ಎಲ್ಲವೂ ಕಾಣತೊಡಗಿತು. ಶಶಿಕಾಂತ್ ಒಮ್ಮೆ ತೂಗಿದ ಸರಳನ್ನು ಮತ್ತೆ ತೂಗುತ್ತಿದ್ದ. ಮೊಬೈಲಿನಲ್ಲಿ ರ‍್ಯಾಕುಗಳ ಫೋಟೊ ತೆಗೆಯುತ್ತಿದ್ದ. ಮಧ್ವೇಶ ಸ್ಟೋರಿಗೆ ಕಾಲಿಟ್ಟರೆ ವಾಚ್‌ಮನ್ ಜೊತೆಗಿನ ಮಾತು ನಿಲ್ಲಿಸುತ್ತಿದ್ದ. ಸಂಜೆ ಸ್ಟೇಷನ್ನಿಗೆ ಹೋಗುವ ಶೇರ್ ರಿಕ್ಷಾದಲ್ಲಿ ಈಚೆಗೆ ಪಕ್ಕಕ್ಕೇ ಬಂದು ಕೂರುತ್ತಿದ್ದ.

ಶುಕ್ರವಾರ ಊಟದ ಹೊತ್ತಿಗೆ ಶೇಂಗಾ ಹಿಂಡಿಯ ಡಬ್ಬಿ ಮುಂದೆ ಸರಿಸುತ್ತ ಶಶಿಕಾಂತ್ ಹೇಳಿದ, "ಏನ್ರೀ, ನಿಮ್ಮ ಸಾಂಬಾರದಾಗಿನ ಬೆಲ್ಲ ಮಾತಿನ್ಯಾಗೂ ಇಳದೈತಿ. ಭಾಳ ಮೆತ್ತಗ ಮಾತಾಡಾಕತ್ತೀರಿ."

"ಎಂಥದ್ದೂ ಇಲ್ಲ ಮಾರಾಯ್ರೆ. ಡೇಟಾ ಲೋಡ್ ಆಗ್ತಾ ಉಂಟು, ಅದೇ ಟೆನ್ಷನ್."

"ಹಳೇ ಎಂಟ್ರಿ ಎಲ್ಲಾ ಹೊಸದಕ್ಕ ಬರ್ತಾವೇನು?"

"ಇಲ್ಲ. ಕೊನೆಗೆ ಉಳಿದ ಶಿಲ್ಕು ಮಾತ್ರ. ಹೊಸದರಲ್ಲಿ ಅಲ್ಲಿಂದಲೇ ಶುರು. ವಿಶಾಲ್ ಸರ್ ಹಾಗೆ ಮಾಡ್ಲಿಕ್ಕೆ ಹೇಳಿದ್ದು."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಅಂದ್ರ ಯಾವಾಗ ಹೋತು, ಯಾರು ಒಯ್ದ್ರು, ಒಂದೂ ಬರಂಗಿಲ್ಲ."

"ಬರುದಿಲ್ಲ."

"ಚಲೋ ಆತು ಬಿಡ್ರಿ. ಯಾರಿಗೋ ಕಣ್ತುಂಬ ನಿದ್ದಿ ಬರತೈತಿ." ಹೀಗೆಂದವನು ಮಧ್ವೇಶನ ಮುಖವನ್ನೇ ನೋಡಿದ.

ಮಧ್ವೇಶ ಮೊಸರನ್ನದ ಕಡೆ ಬಾಗಿದ. ಕದ್ದವನಲ್ಲದೆ ಇನ್ಯಾರು ಹೀಗೆ ಎದುರಿನವನನ್ನು ಅಳೆದು ನೋಡುತ್ತಾರೆ?

ಶನಿವಾರ ಮಧ್ಯಾಹ್ನ ವಿಶಾಲ್ ಕರೆದರು. "ನಾನು ಕಣ್ಣಾರೆ ಕಂಡಿಲ್ಲ ಸರ್. ಆದರೆ..." ಎಂದು ಮಧ್ವೇಶ ಶುರು ಮಾಡಿದ. ಆ 'ಆದರೆ' ಬಾಯಿಂದ ಬಿದ್ದ ಮೇಲೆ ತೂಕ, ಫೋಟೊ, ಭಾನುವಾರದ ಪ್ರಶ್ನೆ, ಎಲ್ಲ ತಾವಾಗಿಯೇ ಹೊರಬಂದವು. ಕೊನೆಗೆ ಹೆಸರೂ.

"ಸಾಕು," ಎಂದರು ವಿಶಾಲ್. "ಇರುವ ಹಿತ್ತಾಳೆಯನ್ನು ಮಾತ್ರ ಹೊಸದಕ್ಕೆ ಹಾಕು. ಹಳೆಯ ಸಿಸ್ಟಮ್ ಈಗಲೇ ಅಳಿಸಿಬಿಡು."

"ಒಂದು ಬ್ಯಾಕಪ್ ಇಡೋಣವೇ ಸರ್?"

"ಯಾತಕ್ಕೆ? ಹೆಸರು ಸಿಕ್ಕಿತಲ್ಲ."

ಮಧ್ವೇಶ ಅಳಿಸಿದ.

ಸಂಜೆ ಗೇಟಿನ ಹೊರಗೆ, ರಿಕ್ಷಾಕ್ಕೆ ಕಾಯುವ ಜಾಗದಲ್ಲಿ ಶಶಿಕಾಂತ್ ನಿಂತಿದ್ದ. ಕೈಯಲ್ಲಿ ಸ್ಟೋರಿನಲ್ಲಿಟ್ಟಿದ್ದ ಅವನ ಚಪ್ಪಲಿ, ಸ್ವೆಟರ್, ನೀರಿನ ಬಾಟಲಿ ತುಂಬಿದ ಚೀಲ.

"ನನ್ನ ತಗದ್ರು," ಎಂದ. "ಯಾರು ಏನು ಹೇಳಿದ್ರು ಅಂತ ಕೇಳಿದ್ರ ಬಾಯಿ ಬಿಡವಲ್ರು."

ಮಧ್ವೇಶ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಎಂಥ ಮಾಡುದು ಮಾರಾಯ್ರೆ."

"ನಿಮ್ಮದು ಉಳೀತಲ್ಲ, ಇರಲಿ. ಈಗ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮ್ಯಾಲೆ ಕಣ್ಣಿಡು ಅಂತ ವಿಶಾಲ್ ಸಾಹೇಬ್ರು ನನಗ ಹೇಳಿದ್ರು. ಶನಿವಾರದೊಳಗ ಹೆಸರು ಕೊಡು, ಇಲ್ಲಂದ್ರ ಇಬ್ಬರೂ ಮನಿಗೆ ಅಂದಿದ್ರು. ಅದಕ್ಕ ತಿರುಗಿ ತಿರುಗಿ ತೂಗಿದೆ, ನಿಮ್ಮ ಬೆನ್ನು ಹತ್ತಿ ರಿಕ್ಷಾ ಏರಿದೆ. ಇವತ್ತ ಮುಂಜಾನೆ ಸಾಹೇಬ್ರಿಗೆ ಹೇಳಿಬಂದೆ, ಈ ಮನಶ್ಯಾ ಅಲ್ಲರೀ, ನನ್ನ ತಗದ್ರೂ ಅಡ್ಡಿಯಿಲ್ಲ, ಇವರ ಹೆಸರು ನಾ ಹೇಳಂಗಿಲ್ಲ ಅಂತ."

ಮಧ್ವೇಶ ತಿರುಗಿ ಕಾರ್ಖಾನೆಯ ಕಡೆ ನೋಡಿದ. ವಿಶಾಲರ ಕ್ಯಾಬಿನ್ನಿನ ದೀಪ ಆರಿತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತಿದ್ದಾಗ ಅಪ್ರೂವಲ್ ಕೊಡುವವನ ಕಡೆ ಯಾರೂ ನೋಡಿರಲಿಲ್ಲ. ನೋಡಬಹುದಾಗಿದ್ದ ಎಂಟ್ರಿಗಳನ್ನೆಲ್ಲ ಮಧ್ಯಾಹ್ನ ಮಧ್ವೇಶನ ಕೈಯೇ ಅಳಿಸಿತ್ತು.

ರಿಕ್ಷಾ ಬಂತು. ಒಳಗೆ ಸರಿದು ಜಾಗ ಮಾಡಿಕೊಡುತ್ತ ಶಶಿಕಾಂತ್ ಕೇಳಿದ, "ಅಲ್ರೀ, ಸಾಹೇಬ್ರು ನಿಮ್ಮನ್ನೇನೂ ಕೇಳಲಿಲ್ಲೇನು?"

ಕೇಳಿದ್ದರು, ನಾನು ನಿಮ್ಮ ಹೆಸರು ಕೊಟ್ಟೆ ಎಂದು ಮಧ್ವೇಶ ಅವನಿಗೆ ಎಂದೂ ಹೇಳಲಿಲ್ಲ.